ಭ್ರಷ್ಟ ಪೊಲೀಸರ ಊರಿನಲ್ಲಿ ಪತ್ತೇದಾರಿ ಆಟ: 1894ರ ನ್ಯೂಯಾರ್ಕ್ ಕುರಿತು ಅನುಭವ ಹಂಚಿಕೆ

ಪ್ರಶ್ನೆ

ನಮ್ಮ ಗೆಳೆಯರ ಗುಂಪಿಗಾಗಿ ನಾನು ಸಿದ್ಧಪಡಿಸುತ್ತಿರುವ ರೋಲ್‌ಪ್ಲೇಯಿಂಗ್ ಆಟದ (ಮೇಜಿನ ಸುತ್ತ ಕುಳಿತು, ಒಬ್ಬೊಬ್ಬರು ಒಂದೊಂದು ಪಾತ್ರವಾಗಿ ಮಾತಿನಲ್ಲೇ ಕಥೆಯನ್ನು ಆಡುವ ಆಟದ) ಕಥೆ 1894ರ ನ್ಯೂಯಾರ್ಕಿನಲ್ಲಿ ನಡೆಯುತ್ತದೆ. ಲೋವರ್ ಈಸ್ಟ್ ಸೈಡಿನ ವಠಾರವೊಂದರಲ್ಲಿ ದರ್ಜಿಯೊಬ್ಬ ಸತ್ತಿದ್ದಾನೆ. ಪೊಲೀಸರು ಅದನ್ನು ಆತ್ಮಹತ್ಯೆಯೆಂದು ಬರೆದು ಕೈತೊಳೆದುಕೊಂಡಿದ್ದಾರೆ. ಆಟಗಾರರ ಪಾತ್ರಗಳು ನಾಲ್ಕು: ಪತ್ರಿಕೆಯ ವರದಿಗಾರ, ವೈದ್ಯೆ, ವಲಸಿಗರ ಕೇರಿಯಲ್ಲಿ ಸೇವಾಕಾರ್ಯ ಮಾಡುವ ಯುವತಿ ಮತ್ತು ಕೆಲಸ ಬಿಟ್ಟ ಪೇದೆ. ಆ ಕಾಲದ ಪೊಲೀಸರು ಲಂಚಕೋರರೆಂಬುದು ಆಡುವವರಿಗೆಲ್ಲ ಮೊದಲೇ ಗೊತ್ತಿರುವುದೇ ನನಗೆ ತೊಡಕಾಗಿದೆ. ಪರೀಕ್ಷೆಗೆಂದು ಒಮ್ಮೆ ಆಡಿಸಿದಾಗ ಇಬ್ಬರು ಠಾಣೆಯ ಕಡೆಗೆ ತಲೆಯೇ ಹಾಕಲಿಲ್ಲ. ಇನ್ನಿಬ್ಬರು ಸಿಕ್ಕಸಿಕ್ಕ ಪೇದೆಯ ಕೈಗೆ ಡಾಲರು ತುರುಕಿ ಸುಳಿವುಗಳನ್ನೆಲ್ಲ ಕೊಂಡುಕೊಂಡರು. ಎರಡು ದಾರಿಯಲ್ಲೂ ಪತ್ತೇದಾರಿಕೆ ಎಂಬುದು ಉಳಿಯಲಿಲ್ಲ. ಇಂಥ ಕಥೆಗಳನ್ನು ನಡೆಸಿದವರು, ಆಡಿದವರು ಭ್ರಷ್ಟಾಚಾರವನ್ನು ಹೇಗೆ ಬಳಸಿಕೊಂಡಿರಿ ಎಂಬುದನ್ನು ದಯವಿಟ್ಟು ಹಂಚಿಕೊಳ್ಳಿ.

ಇದೇ ನಗರದಲ್ಲಿ ಕಥೆ ನಡೆಸಿದವರೊಬ್ಬರ ಉತ್ತರ

ನಾನು ಇದೇ ನಗರವನ್ನೂ ಇದೇ ದಶಕವನ್ನೂ ಇಟ್ಟುಕೊಂಡು ದೀರ್ಘ ಕಥೆಯೊಂದನ್ನು ನಡೆಸಿದ್ದೇನೆ. ಭ್ರಷ್ಟಾಚಾರವನ್ನು ಕೆಟ್ಟ ಪೊಲೀಸನೊಬ್ಬನ ಸ್ವಭಾವವೆಂದು ತೋರಿಸದೆ, ಲೆಕ್ಕಪತ್ರವಿರುವ ವ್ಯವಹಾರವೆಂದು ತೋರಿಸಿದ ಮೇಲೆ ನಮ್ಮ ಆಟ ದಾರಿಗೆ ಬಂತು. ಅದೃಷ್ಟಕ್ಕೆ ಆ ವ್ಯವಹಾರದ ವಿವರ ನಿಮಗೆ ಬೇಕಾದ ವರ್ಷದ್ದೇ ಸಿಗುತ್ತದೆ. 1894ರ ಮಾರ್ಚಿನಿಂದ ಡಿಸೆಂಬರಿನವರೆಗೆ ನ್ಯೂಯಾರ್ಕ್ ರಾಜ್ಯದ ಸೆನೆಟ್ ನೇಮಿಸಿದ ಲೆಕ್ಸೋ ಸಮಿತಿಯು ನಗರದ ಪೊಲೀಸರ ಕುರಿತು ವಿಚಾರಣೆ ನಡೆಸಿತು. ಜಾನ್ ಗಾಫ್ ಎಂಬ ವಕೀಲರು ಸಾಕ್ಷಿಗಳನ್ನು ಪ್ರಶ್ನಿಸಿದರು. ದಾಖಲಾದ ಸಾಕ್ಷ್ಯ ಹತ್ತು ಸಾವಿರ ಪುಟಗಳನ್ನು ಮೀರಿತು.

ಅಲ್ಲಿ ಹೊರಬಿದ್ದ ದರಪಟ್ಟಿಯೇ ಆಟ ನಡೆಸುವವರಿಗೆ ಅರ್ಧ ಕಥೆಯನ್ನು ಬರೆದುಕೊಡುತ್ತದೆ. ಪೇದೆಯಾಗಿ ಸೇರಲು ಸುಮಾರು 300 ಡಾಲರ್ ಕೊಡಬೇಕಾಗಿತ್ತು. ತಿಮೊತಿ ಕ್ರೀಡನ್ ಎಂಬ ಕ್ಯಾಪ್ಟನ್, ಅಂತರ್ಯುದ್ಧದಲ್ಲಿ ಹೋರಾಡಿ ಬಂದವನು, ತನ್ನ ಹುದ್ದೆಗಾಗಿ 15,000 ಡಾಲರ್ ಕೊಟ್ಟಿದ್ದನ್ನು ಮೊದಲು ನಿರಾಕರಿಸಿ ಆಮೇಲೆ ಒಪ್ಪಿಕೊಂಡ. ಆ ಹಣ ಅವನ ವಾರ್ಷಿಕ ಸಂಬಳದ ಹಲವು ಪಟ್ಟು. ಅದನ್ನು ಹೊಂದಿಸಿಕೊಟ್ಟವರು ಅವನ ಸ್ನೇಹಿತರು. ಅಂದರೆ ಕುರ್ಚಿಯಲ್ಲಿ ಕೂರುವ ಹೊತ್ತಿಗಾಗಲೇ ಅವನು ಸಾಲಗಾರ. ಆ ಸಾಲ ತೀರಬೇಕಾದರೆ ಠಾಣೆಯ ಸರಹದ್ದಿನೊಳಗಿನ ವೇಶ್ಯಾಗೃಹಗಳಿಂದ, ಜೂಜಿನ ಕೋಣೆಗಳಿಂದ, ಭಾನುವಾರ ಹಿಂಬಾಗಿಲು ತೆರೆಯುವ ಹೆಂಡದಂಗಡಿಗಳಿಂದ ಮಾಮೂಲು ಬರಬೇಕು. ಹೊಸ ಕ್ಯಾಪ್ಟನ್ ಬಂದಾಗಲೆಲ್ಲ ವೇಶ್ಯಾಗೃಹದವರು ಪ್ರವೇಶಕಾಣಿಕೆಯಾಗಿ 500 ಡಾಲರ್ ಒಪ್ಪಿಸಿ, ಆಮೇಲೆ ತಿಂಗಳ ಮಾಮೂಲನ್ನು ಬೇರೆಯಾಗಿ ಕೊಡಬೇಕಿತ್ತು. ಪಾಲಿಸಿ ಎಂಬ ಅಂಕಿ ಜೂಜಿನ ಅಂಗಡಿಗಳಿಗೆ ತಿಂಗಳಿಗೆ 15 ಡಾಲರ್ ದರ. ವಸೂಲಿಗೆ ಹೋಗುತ್ತಿದ್ದವನು ಕ್ಯಾಪ್ಟನ್ ಅಲ್ಲ, ವಾರ್ಡ್‌ಮನ್ ಎಂಬ ಮಫ್ತಿಯ ಪೊಲೀಸ. ವಸೂಲಾದುದರಲ್ಲಿ ಐದನೆಯ ಒಂದು ಭಾಗ ಅವನಿಗೆ, ಉಳಿದದ್ದು ಮೇಲಕ್ಕೆ.

ಈ ಕಾರಣದಿಂದ ನನ್ನ ಕಥೆಯಲ್ಲಿ ಬರುವ ಪ್ರತಿಯೊಬ್ಬ ಪೊಲೀಸನ ಹೆಸರಿನ ಮುಂದೆ ಎರಡು ಸಂಗತಿಗಳನ್ನು ಬರೆದಿಟ್ಟುಕೊಳ್ಳುತ್ತೇನೆ: ಇವನು ಯಾರಿಗೆ ಕೊಡಬೇಕು, ಯಾರಿಂದ ಪಡೆಯಬೇಕು. ಅವನು ಒಳ್ಳೆಯವನೋ ಕೆಟ್ಟವನೋ ಎಂದು ಬರೆಯುವುದಿಲ್ಲ, ಅದು ಆಟದ ಹೊತ್ತಿನಲ್ಲಿ ತಾನಾಗಿ ಮೂಡುತ್ತದೆ. ಆಟಗಾರರು ಏನೇ ಕೇಳಿದರೂ ಅವನ ಉತ್ತರ ಆ ಎರಡು ಸಂಗತಿಗಳಿಂದ ಹುಟ್ಟುತ್ತದೆ.

ನಿಮ್ಮ ದರ್ಜಿಯ ವಿಷಯಕ್ಕೆ ಬರುತ್ತೇನೆ. ಪೊಲೀಸರು ಅದನ್ನು ಆತ್ಮಹತ್ಯೆಯೆಂದು ಬರೆದದ್ದೇಕೆ ಎಂಬ ಪ್ರಶ್ನೆಗೆ ಆಟಗಾರರು ಊಹಿಸುವ ಉತ್ತರ ಒಂದೇ: ಕೊಲೆಗಾರ ದುಡ್ಡು ಕೊಟ್ಟಿದ್ದಾನೆ. ಆ ಉತ್ತರ ಸುಳ್ಳಾಗಿರಲಿ. ವಠಾರದ ನೆಲಮಾಳಿಗೆಯಲ್ಲಿ ಪಾಲಿಸಿ ಅಂಗಡಿಯೊಂದಿದೆ ಎಂದಿಟ್ಟುಕೊಳ್ಳಿ. ಕೊಲೆಯೆಂದು ದಾಖಲಾದರೆ ಮುಖ್ಯ ಕಚೇರಿಯ ಪತ್ತೇದಾರರು ಬರುತ್ತಾರೆ, ವರದಿಗಾರರು ಬರುತ್ತಾರೆ, ಕಟ್ಟಡದ ಪ್ರತಿ ಕೋಣೆಯೂ ಕಾಗದದ ಮೇಲೆ ಬರುತ್ತದೆ. ವಾರ್ಡ್‌ಮನ್ ಮುಚ್ಚಿಡಲು ಹೊರಟಿರುವುದು ಕೊಲೆಯನ್ನಲ್ಲ, ತಿಂಗಳ ಮಾಮೂಲನ್ನು. ಕೊಲೆಗಾರ ಯಾರೆಂಬುದು ಅವನಿಗೂ ಗೊತ್ತಿಲ್ಲ. ತಿಳಿದುಕೊಳ್ಳುವ ಮನಸ್ಸಂತೂ ಅವನಿಗೆ ಇಲ್ಲವೇ ಇಲ್ಲ. ಇಷ್ಟು ಮಾಡಿಕೊಂಡರೆ ಠಾಣೆ ಎಂಬುದು ಆಟಗಾರರ ಮುಂದಿನ ಗೋಡೆಯಾಗಿ ಉಳಿಯುವುದಿಲ್ಲ. ಮನೆಮನೆಗೂ ತಿಂಗಳು ತಿಂಗಳು ಹೋಗುವ ವಾರ್ಡ್‌ಮನ್ನನಿಗೆ ಯಾವ ಕೋಣೆಯಲ್ಲಿ ಯಾರಿದ್ದಾರೆ, ಯಾರು ಹೊಸದಾಗಿ ಬಂದರು, ಯಾರು ಬಾಡಿಗೆ ತಪ್ಪಿಸಿದರು ಎಂಬುದೆಲ್ಲ ಬಾಯಿಪಾಠ. ಆ ಕೇರಿಯ ಕುರಿತು ಅವನಷ್ಟು ತಿಳಿದವರು ಇನ್ನೊಬ್ಬರಿಲ್ಲ. ಅವನ ವಸೂಲಿಗೆ ಧಕ್ಕೆಯಾಗದಂತೆ ಪ್ರಶ್ನೆ ಕೇಳಲು ಬಲ್ಲ ಆಟಗಾರನಿಗೆ ಅವನು ಉತ್ತರ ಕೊಡುತ್ತಾನೆ. ಕೊಲೆಗಾರನನ್ನು ರಕ್ಷಿಸುತ್ತಿದ್ದೀಯೆ ಎಂದು ಮುಖದ ಮೇಲೆ ಆರೋಪಿಸುವವನಿಗೆ ಬಾಗಿಲು ತೋರಿಸುತ್ತಾನೆ. ನನ್ನ ಗುಂಪಿನವರು ಇದನ್ನು ಕಂಡುಕೊಂಡ ಮೇಲೆ ಕಥೆಯ ಅತ್ಯುತ್ತಮ ಮಾತುಕತೆಗಳು ಠಾಣೆಯ ಮೆಟ್ಟಿಲ ಮೇಲೆಯೇ ನಡೆದವು.

ಲಂಚದ ನಿಯಮಗಳ ಬಗ್ಗೆ ಇನ್ನೊಬ್ಬರು

ಮೇಲಿನವರ ಮಾತನ್ನು ಒಪ್ಪುತ್ತೇನೆ. ಲಂಚ ಕೊಟ್ಟು ಸುಳಿವು ಕೊಳ್ಳುವ ತೊಂದರೆಗೆ ಮಾತ್ರ ಇಷ್ಟು ಸೇರಿಸುತ್ತೇನೆ. ನಮ್ಮಲ್ಲಿ ಲಂಚ ಫಲಿಸಿತೋ ಇಲ್ಲವೋ ಎಂದು ತೀರ್ಮಾನಿಸಲು ದಾಳ ಉರುಳಿಸುವುದಿಲ್ಲ. ಕೊಟ್ಟರೆ ತೆಗೆದುಕೊಳ್ಳುತ್ತಾರೆ, ಅದರಲ್ಲಿ ಅನುಮಾನವೇನಿದೆ? ಆದರೆ ಕೊಟ್ಟ ದಿನದಿಂದ ಆ ಪಾತ್ರದ ಹೆಸರು ಕೊಡುವವರ ಪಟ್ಟಿಗೆ ಸೇರುತ್ತದೆ, ಮುಂದಿನ ತಿಂಗಳು ವಾರ್ಡ್‌ಮನ್ ತಾನಾಗಿಯೇ ಬಾಗಿಲು ತಟ್ಟುತ್ತಾನೆ. ಒಮ್ಮೆ ಐದು ಡಾಲರ್ ಕೊಟ್ಟ ವೈದ್ಯೆಯ ಚಿಕಿತ್ಸಾಲಯಕ್ಕೆ ಅವನು ಟೋಪಿ ತೆಗೆದು ವಿನಯದಿಂದ ಬಂದು ಕುಳಿತಾಗ ನಮ್ಮ ಆಟಗಾರ್ತಿಗೆ ಆದ ಕಸಿವಿಸಿಯನ್ನು ಯಾವ ನಿಯಮಪುಸ್ತಕವೂ ಹುಟ್ಟಿಸಲಾರದು. ಎರಡನೆಯದಾಗಿ, ಹಣಕ್ಕೆ ಸಿಗುವುದು ಮಾಹಿತಿಯಾಗಿರಬಾರದು, ಕಣ್ಣುಮುಚ್ಚಿಕೊಳ್ಳುವಿಕೆಯಾಗಿರಬೇಕು. ಹತ್ತು ನಿಮಿಷ ಶವದ ಕೋಣೆಯ ಬಾಗಿಲು ತೆರೆದಿರುತ್ತದೆ, ಪೇದೆ ಬೀದಿಯ ಆ ತುದಿಗೆ ಹೋಗಿರುತ್ತಾನೆ, ಅಷ್ಟೇ. ಒಳಗೆ ಹೋಗಿ ಹುಡುಕುವ ಕೆಲಸ ಆಟಗಾರರದು. ಕಥೆ ಮುಂದುವರಿಯಲು ಬೇಕೇಬೇಕಾದ ಸುಳಿವನ್ನಂತೂ ಲಂಚದ ಹಿಂದೆಯೂ ಇಡಬೇಡಿ, ದಾಳದ ಹಿಂದೆಯೂ ಇಡಬೇಡಿ.

ಸೇವೆಗೂ ದರವಿತ್ತೆಂಬುದನ್ನು ಮರೆಯಬಾರದು. 1880ರಲ್ಲಿ ಪತ್ತೇದಾರಿ ವಿಭಾಗದ ಮುಖ್ಯಸ್ಥನಾದ ಥಾಮಸ್ ಬರ್ನ್ಸ್, ಫುಲ್ಟನ್ ಬೀದಿಯ ದಕ್ಷಿಣಕ್ಕೆ ಹೆಸರಾಂತ ಕಳ್ಳನೊಬ್ಬ ಕಾಣಿಸಿಕೊಂಡರೂ ಹಿಡಿದು ಒಳಗೆ ಹಾಕುವಂತೆ ಗೆರೆ ಎಳೆದಿದ್ದ. ವಾಲ್ ಸ್ಟ್ರೀಟಿನ ಬ್ಯಾಂಕುಗಳು ನಿಶ್ಚಿಂತವಾದವು. ಸಿರಿವಂತರಿಗೆ ಈ ಪೊಲೀಸರು ಬಹಳ ಸಮರ್ಥರಾಗಿ ಕಾಣುತ್ತಿದ್ದರೆಂಬುದನ್ನು ಕಥೆಯಲ್ಲಿ ತೋರಿಸಿ. ದರ್ಜಿಯ ಸಾವಿಗೆ ಅರ್ಧ ಗಂಟೆಯನ್ನೂ ಕೊಡದ ಅಧಿಕಾರಿಯು ದಲ್ಲಾಳಿಯೊಬ್ಬನ ಗಡಿಯಾರವನ್ನು ಎರಡೇ ದಿನದಲ್ಲಿ ತರಿಸಿಕೊಟ್ಟರೆ ಆಟಗಾರರಿಗೆ ಊರಿನ ಸ್ವರೂಪ ಒಂದೇ ದೃಶ್ಯದಲ್ಲಿ ಅರ್ಥವಾಗುತ್ತದೆ.

ವೈದ್ಯೆಯ ಪಾತ್ರ ಆಡಿದವರೊಬ್ಬರು

ನಿಮ್ಮ ನಾಲ್ಕು ಪಾತ್ರಗಳನ್ನು ನೋಡಿದರೆ ಠಾಣೆಯಾಚೆಗೆ ಸುಳಿವು ಸಿಗುವ ಜಾಗಗಳು ನಾಲ್ಕಿವೆ ಎನ್ನಿಸುತ್ತದೆ, ಅವನ್ನು ಬಿಡಬೇಡಿ. ಆಗಿನ ನ್ಯೂಯಾರ್ಕಿನಲ್ಲಿ ಅಸಹಜ ಸಾವುಗಳನ್ನು ವಿಚಾರಿಸುತ್ತಿದ್ದವರು ಚುನಾಯಿತ ಕರೋನರ್‌ಗಳು. ಅವರು ವೈದ್ಯರಾಗಿರಲೇಬೇಕೆಂಬ ನಿಯಮವಿರಲಿಲ್ಲ, ಪಕ್ಷದ ಟಿಕೆಟ್ಟಿನ ಮೇಲೆ ಗೆದ್ದು ಬಂದಿರುತ್ತಿದ್ದರು. 1918ರಲ್ಲಿ ವೈದ್ಯಕೀಯ ಪರೀಕ್ಷಕರ ಕಚೇರಿ ಬರುವವರೆಗೂ ಈ ಪದ್ಧತಿ ಉಳಿಯಿತು. ಹೀಗಾಗಿ ನನ್ನ ಪಾತ್ರಕ್ಕೆ ಸಿಕ್ಕಿದ ದೊಡ್ಡ ಸುಳಿವು ಪೊಲೀಸರಿಂದ ಬಂದದ್ದಲ್ಲ, ಕರೋನರನ ಕಾಗದದಲ್ಲಿದ್ದ ಮರಣಕಾರಣಕ್ಕೂ ಶವದ ಕತ್ತಿನ ಮೇಲಿದ್ದ ಗುರುತಿಗೂ ತಾಳೆಯಾಗದಿದ್ದುದರಿಂದ ಬಂದದ್ದು. ವರದಿಗಾರನಿಗೆ ಮಲ್ಬೆರಿ ಬೀದಿಯ 300ನೆಯ ಸಂಖ್ಯೆಯ ಪೊಲೀಸ್ ಮುಖ್ಯ ಕಚೇರಿಯ ಎದುರಿಗೇ ಪತ್ರಿಕೆಗಳ ಕೋಣೆಗಳಿದ್ದವು. ಪತ್ರಕರ್ತ ಜೇಕಬ್ ರೀಸ್ ವರ್ಷಗಟ್ಟಲೆ ಅಲ್ಲಿಂದಲೇ ಬರೆಯುತ್ತಿದ್ದರು. ಮಾಜಿ ಪೇದೆಗೆ ಇನ್ನೊಂದು ದಾರಿಯಿದೆ: ಆಗ ಠಾಣೆಗಳ ಕೆಳಗಿನ ಕೋಣೆಗಳಲ್ಲಿ ಮನೆಯಿಲ್ಲದವರಿಗೆ ರಾತ್ರಿ ಮಲಗಲು ಜಾಗ ಕೊಡುತ್ತಿದ್ದರು. ಹಳೆಯ ಕೋಟು ಹಾಕಿಕೊಂಡು ಹಲಗೆಯ ಮೇಲೆ ಮಲಗಿ ಮೇಲಿನ ಮಾತು ಕೇಳಿಸಿಕೊಂಡ ನಮ್ಮ ಜೊತೆಗಾರನ ದೃಶ್ಯ ಇಡೀ ಕಥೆಯಲ್ಲೇ ನನಗೆ ಬಹಳ ಇಷ್ಟವಾದದ್ದು. ಆ ಕೋಣೆಗಳು 1896ರಲ್ಲಿ ಮುಚ್ಚಿದವು, ನಿಮ್ಮ ವರ್ಷಕ್ಕೆ ತೊಂದರೆಯಿಲ್ಲ. ಇನ್ನು ಬ್ರೂಕ್ಲಿನ್ 1898ರವರೆಗೂ ಬೇರೆಯೇ ನಗರ, ಅದರ ಪೊಲೀಸರೂ ಬೇರೆ. ಸೇತುವೆ ದಾಟಿದ ಸಾಕ್ಷಿ ಈ ಕ್ಯಾಪ್ಟನ್ನನ ಕೈಗೆ ಸುಲಭವಾಗಿ ಸಿಗುವುದಿಲ್ಲ.

ಸೇವಾಕಾರ್ಯದ ಯುವತಿಯ ಪಾತ್ರಕ್ಕೆ ಮಾತ್ರ ಒಂದು ಎಚ್ಚರಿಕೆಯ ಮಾತು. ಲಂಚವನ್ನು ನಾವು ಮೇಜಿನ ಸುತ್ತ ಕುಳಿತು ನಗುತ್ತ ಆಡುತ್ತೇವೆ, ಕೊಡಲಾಗದವರ ಪಾಡು ಹಿಂದೆ ಸರಿಯುತ್ತದೆ. ಲೆಕ್ಸೋ ಸಮಿತಿಯ ಮುಂದೆ ಬಂದ ಕೇಲಾ ಉರ್ಚಿಟ್ಟೆಲ್ ಎಂಬ ವಲಸಿಗ ಯಹೂದಿ ವಿಧವೆ ಸಣ್ಣದೊಂದು ಸಿಗಾರ್ ಅಂಗಡಿ ಇಟ್ಟುಕೊಂಡಿದ್ದವಳು. ಪೊಲೀಸರು ಕೇಳಿದ ಹಣ ಹೊಂದಿಸಲಾಗದಿದ್ದಾಗ ಅವಳು ವೇಶ್ಯಾಗೃಹ ನಡೆಸುತ್ತಾಳೆಂದು ಕೇಸು ಹಾಕಿದರು, ಅವಳ ಮಕ್ಕಳನ್ನು ಅವಳಿಂದ ಕಿತ್ತುಕೊಂಡರು. ಇಂಥ ವ್ಯಕ್ತಿಯೊಬ್ಬಳು ಕಥೆಯಲ್ಲಿ ಒಮ್ಮೆಯಾದರೂ ಮಾತನಾಡಲಿ. ನಮ್ಮ ಗುಂಪಿನಲ್ಲಿ ಅವಳಂಥ ಪಾತ್ರವೊಂದು ಬಂದ ಮೇಲೆ ಪೇದೆಗಳಿಗೆ ಚಿಲ್ಲರೆ ಎಸೆಯುವ ಚಟ ತಾನಾಗಿ ನಿಂತಿತು. ಜೊತೆಗೆ, ಪೊಲೀಸರೆಲ್ಲ ಐರಿಷ್ ಕುಡುಕರು, ಜೂಜುಕೋರರೆಲ್ಲ ಯಹೂದಿಗಳು ಅಥವಾ ಚೀನೀಯರು ಎಂಬ ಆ ಕಾಲದ ಪತ್ರಿಕೆಗಳ ಹಳಸಲು ಚಿತ್ರಗಳನ್ನು ಹಾಗೆಯೇ ಎತ್ತಿಕೊಳ್ಳಬಾರದೆಂದು ಆಟದ ಮೊದಲೇ ಎಲ್ಲರೂ ಮಾತಾಡಿಕೊಳ್ಳುವುದು ಒಳ್ಳೆಯದು.

ಲಂಡನ್ನಿನ ಕಥೆ ನಡೆಸಿದವರೊಬ್ಬರ ಭಿನ್ನಾಭಿಪ್ರಾಯ

ದರಪಟ್ಟಿಯ ಭ್ರಷ್ಟಾಚಾರ ನ್ಯೂಯಾರ್ಕಿಗೆ ಸರಿ. ಎಲ್ಲ ಊರಿಗೂ ಅದೇ ಅಚ್ಚು ಹೊಂದುವುದಿಲ್ಲ. ನಾನು ನಡೆಸಿದ್ದು 1877ರ ಲಂಡನ್ ಕಥೆ. ಅಲ್ಲಿ ಸ್ಕಾಟ್ಲೆಂಡ್ ಯಾರ್ಡಿನ ಪತ್ತೇದಾರಿ ವಿಭಾಗದ ಮೇಲಧಿಕಾರಿಗಳಾದ ಮೀಕಲ್‌ಜಾನ್, ಡ್ರಸ್ಕೊವಿಚ್ ಮತ್ತು ಪಾಮರ್, ಹ್ಯಾರಿ ಬೆನ್ಸನ್ ಹಾಗೂ ವಿಲಿಯಂ ಕರ್ ಎಂಬ ವಂಚಕರಿಗೆ ನೆರವಾದದ್ದು ಸಾಬೀತಾಗಿ ಎರಡು ವರ್ಷಗಳ ಕಠಿಣ ಸಜೆ ಅನುಭವಿಸಿದರು. ಕ್ಲಾರ್ಕ್ ಎಂಬ ನಾಲ್ಕನೆಯ ಅಧಿಕಾರಿ ಬಿಡುಗಡೆಯಾದ. ಕುದುರೆ ಜೂಜಿನ ಹೆಸರಿನಲ್ಲಿ ಫ್ರಾನ್ಸಿನ ಶ್ರೀಮಂತ ಮಹಿಳೆಯೊಬ್ಬಳನ್ನು ದೋಚಿದ ಪ್ರಕರಣ ಅದು. ಹಲವು ಭಾಷೆ ಬಲ್ಲ, ಹೆಸರುವಾಸಿ ಅಧಿಕಾರಿಯಾದ ಡ್ರಸ್ಕೊವಿಚ್ ಆ ಬಲೆಗೆ ಬಿದ್ದದ್ದು ತನ್ನ ಸಹೋದರನ ಸಾಲಕ್ಕೆ ಜವಾಬ್ದಾರನಾಗಿ 60 ಪೌಂಡ್ ಹೊಂದಿಸಲಾಗದೆ ಒದ್ದಾಡುತ್ತಿದ್ದಾಗ. ಆ ಹಣವನ್ನು ಸ್ನೇಹದಿಂದ ಕೊಟ್ಟವನು ಕರ್.

ನೋಡಿ, ಇಲ್ಲಿ ಮಾಮೂಲಿಲ್ಲ, ವಾರ್ಡ್‌ಮನ್ ಇಲ್ಲ, ಇಡೀ ಠಾಣೆ ಪಾಲುದಾರನೂ ಅಲ್ಲ. ಪಕ್ಕದ ಮೇಜಿನವನಿಗೆ ತಿಳಿಯದಂತೆ ಒಬ್ಬನೇ ಸಿಕ್ಕಿಹಾಕಿಕೊಂಡಿದ್ದಾನೆ. ಬಂಧನದ ಆದೇಶ ಹೊರಡುವ ಮೊದಲೇ ವಂಚಕರಿಗೆ ಸಂದೇಶ ಹೋಗುತ್ತದೆ. ಇದರಿಂದ ಆಟದ ಬಗೆಯೇ ಬದಲಾಗುತ್ತದೆ. ನ್ಯೂಯಾರ್ಕಿನಲ್ಲಿ ಎಲ್ಲರೂ ಬಲ್ಲ ಗುಟ್ಟನ್ನು ಯಾರೂ ಬಾಯಿಬಿಟ್ಟು ಹೇಳದಿರುವುದು ತೊಡಕಾದರೆ, ಲಂಡನ್ನಿನಲ್ಲಿ ಸುದ್ದಿ ಸೋರುತ್ತಿರುವುದು ಯಾರ ಮೂಲಕ ಎಂಬುದೇ ರಹಸ್ಯ. ನಮ್ಮ ಆಟಗಾರರು ಪ್ರತಿ ಅಧಿಕಾರಿಗೂ ಬೇರೆ ಬೇರೆ ಸುಳ್ಳು ವಿಳಾಸ ಹೇಳಿ, ಯಾವ ವಿಳಾಸದ ಮನೆ ರಾತ್ರೋರಾತ್ರಿ ಖಾಲಿಯಾಗುತ್ತದೆಂದು ಕಾದು ನೋಡಿ ಹಿಡಿದರು. ಪ್ರಶ್ನೆ ಕೇಳಿದವರು ತಮ್ಮ ನ್ಯೂಯಾರ್ಕಿನಲ್ಲೂ ಹೀಗೆ ಸಾಲದಿಂದ ಸಿಕ್ಕಿಬಿದ್ದ ಒಬ್ಬ ಅಧಿಕಾರಿಯನ್ನು ಇಡಬಹುದು. ದುರಾಸೆಯವನಿಗಿಂತ ಅವನನ್ನು ಎದುರಿಸುವುದು ಆಟಗಾರರಿಗೆ ಕಷ್ಟ.

ಬಳ್ಳಾರಿಯ ಕಥೆ ಯೋಚಿಸುತ್ತಿರುವವರೊಬ್ಬರು

ಪ್ರಶ್ನೆಗೆ ನೇರವಾಗಿ ಸೇರಿದ್ದಲ್ಲ, ಆದರೂ ಹೇಳುತ್ತೇನೆ. ನಾನು 1850ರ ದಶಕದ ಬಳ್ಳಾರಿ ಜಿಲ್ಲೆಯಲ್ಲಿ ಇಂಥದೇ ಕಥೆ ಹೆಣೆಯುತ್ತಿದ್ದೇನೆ. ಅದು ಆಗ ಮದ್ರಾಸ್ ಪ್ರಾಂತ್ಯಕ್ಕೆ ಸೇರಿತ್ತು. ಕಂದಾಯ ವಸೂಲಿಯೂ ಪೊಲೀಸ್ ಅಧಿಕಾರವೂ ತಹಸೀಲ್ದಾರರ ಕೈಯಲ್ಲೇ ಇದ್ದವು. 1855ರಲ್ಲಿ ವರದಿ ಕೊಟ್ಟ ಚಿತ್ರಹಿಂಸೆಯ ವಿಚಾರಣಾ ಆಯೋಗವು ಕಂದಾಯಕ್ಕಾಗಿಯೂ ತಪ್ಪೊಪ್ಪಿಗೆಗಾಗಿಯೂ ಒಂದೇ ಬಗೆಯ ಹಿಂಸೆ ನಡೆಯುತ್ತಿದ್ದುದನ್ನು ದಾಖಲಿಸಿತು. ಬೆರಳು ಹಿಸುಕುವ ಕಿಟ್ಟಿಯೂ ಅದರಲ್ಲಿ ಬರುತ್ತದೆ. ಅಲ್ಲಿ ಯಾರಿಗೆ ಕೊಡಬೇಕು, ಯಾರಿಂದ ಪಡೆಯಬೇಕು ಎಂಬ ಎರಡು ಸಂಗತಿಗಳನ್ನು ಬರೆಯತೊಡಗಿದರೆ ಉತ್ತರ ಜೂಜಿನ ಕೋಣೆಗೆ ಹೋಗುವುದಿಲ್ಲ, ನೇರವಾಗಿ ಜಮಾಬಂದಿಯ ಲೆಕ್ಕಕ್ಕೆ ಹೋಗುತ್ತದೆ. ಮೇಲಿನ ಸಲಹೆ ನನಗೆ ಬಹಳ ಉಪಯೋಗಕ್ಕೆ ಬಂತು. ಹಿಂಸೆಯ ದೃಶ್ಯಗಳನ್ನು ಮಾತ್ರ ಮೇಜಿನ ಮೇಲೆ ಆಡಿಸುವುದಿಲ್ಲವೆಂದು ತೀರ್ಮಾನಿಸಿದ್ದೇನೆ. ಅದಾದ ಮೇಲಿನ ಮೌನ, ಒಪ್ಪಿಗೆಯ ಹೇಳಿಕೆ, ಗಾಯ ಇಷ್ಟೇ ಪಾತ್ರಗಳ ಕಣ್ಣಿಗೆ ಬೀಳುತ್ತವೆ.

ಪ್ರಶ್ನೆ ಕೇಳಿದವರು ಮತ್ತೆ

ಎಲ್ಲರಿಗೂ ಧನ್ಯವಾದಗಳು. ನೆಲಮಾಳಿಗೆಯ ಪಾಲಿಸಿ ಅಂಗಡಿಯನ್ನು ಹಾಗೆಯೇ ತೆಗೆದುಕೊಳ್ಳುತ್ತಿದ್ದೇನೆ. ಇನ್ನೊಂದು ಸಂದೇಹ ಉಳಿದಿದೆ. ನನ್ನ ಆಟಗಾರರು ಕೊಲೆಗಾರನನ್ನು ಹಿಡಿದ ಮೇಲೆ ಸುಮ್ಮನಾಗುವವರಲ್ಲ, ಕ್ಯಾಪ್ಟನ್ನನನ್ನೂ ಜೈಲಿಗೆ ಕಳಿಸಲು ಹೊರಡುತ್ತಾರೆ. ಇತಿಹಾಸಕ್ಕೆ ಅಪಚಾರವಾಗದಂತೆ ಅದನ್ನು ಹೇಗೆ ನಿಭಾಯಿಸಲಿ?

ಮೊದಲು ಉತ್ತರಿಸಿದವರು

ಹೊರಡಲಿ, ತಡೆಯಬೇಡಿ. ನಿಮ್ಮ ಕಥೆ ಬೇಸಿಗೆಯವರೆಗೆ ಎಳೆದರೆ ಅವರಿಗೆ ದೂರು ಕೊಡಲು ಸಮಿತಿಯೇ ಸಿದ್ಧವಾಗಿ ಕುಳಿತಿರುತ್ತದೆ. ಅದಕ್ಕೆ ಮೊದಲು ಪಾದ್ರಿ ಚಾರ್ಲ್ಸ್ ಪಾರ್ಕ್‌ಹರ್ಸ್ಟರಿಗೆ ಏನಾಯಿತೆಂಬುದನ್ನು ಅವರ ಕಿವಿಗೆ ಬೀಳಿಸಿ. 1892ರ ಫೆಬ್ರವರಿಯಲ್ಲಿ ಅವರು ಪೊಲೀಸರ ವಿರುದ್ಧ ಉಪದೇಶ ಮಾಡಿದಾಗ ಗ್ರ್ಯಾಂಡ್ ಜ್ಯೂರಿ (ಮೊಕದ್ದಮೆ ಹೂಡಬೇಕೇ ಎಂದು ತೀರ್ಮಾನಿಸುವ ನಾಗರಿಕರ ಮಂಡಳಿ) ಆಧಾರವಿಲ್ಲವೆಂದು ತಳ್ಳಿಹಾಕಿತು. ಪಾದ್ರಿಗಳು ಸುಮ್ಮನಾಗಲಿಲ್ಲ, ವೇಷ ಮರೆಸಿಕೊಂಡು, ಚಾರ್ಲ್ಸ್ ಗಾರ್ಡ್ನರ್ ಎಂಬ ಖಾಸಗಿ ಪತ್ತೇದಾರನನ್ನು ಕಟ್ಟಿಕೊಂಡು ರಾತ್ರಿ ಹೊತ್ತು ಹೆಂಡದಂಗಡಿ, ವೇಶ್ಯಾಗೃಹಗಳನ್ನು ಸುತ್ತಿ, ಮಾರ್ಚಿನಲ್ಲಿ ಪ್ರಮಾಣಪತ್ರಗಳ ಕಂತೆಯೊಂದಿಗೆ ಮತ್ತೆ ವೇದಿಕೆ ಏರಿದರು. ಅದೇ ಡಿಸೆಂಬರಿನಲ್ಲಿ ಪೊಲೀಸರು ಗಾರ್ಡ್ನರನನ್ನು ಸುಲಿಗೆಯ ಆರೋಪದ ಮೇಲೆ ಬಂಧಿಸಿದರು. ನಿಮ್ಮ ಆಟಗಾರರು ಲಂಚ ಕೊಟ್ಟ ಪ್ರತಿ ಸಲವನ್ನೂ ಬರೆದಿಟ್ಟುಕೊಳ್ಳಿ ಎಂದು ನಾನು ಹೇಳುವುದು ಇದಕ್ಕಾಗಿ. ಕ್ಯಾಪ್ಟನ್ನನ ಕೈಯಲ್ಲಿ ಅದೂ ಒಂದು ಕೇಸು.

ಸಮಿತಿಯ ಮುಂದೆ ಸಾಕ್ಷಿಯನ್ನು ತಲುಪಿಸುವುದನ್ನೇ ಕೊನೆಯ ಅಧ್ಯಾಯ ಮಾಡಿ. ಮಟಿಲ್ಡಾ ಹರ್ಮನ್ ಎಂಬ ವೇಶ್ಯಾಗೃಹದ ಯಜಮಾನಿ ಸಾಕ್ಷ್ಯ ಹೇಳದಂತೆ ಅವಳನ್ನು ಊರಿನಿಂದಲೇ ಸಾಗಹಾಕಿದ್ದರು. ನನ್ನ ಆಟದಲ್ಲಿ ಹೀಗೆಯೇ ಕಾಣೆಯಾದ ಪಾಲಿಸಿ ಅಂಗಡಿಯವನನ್ನು ಹುಡುಕಿ, ದೋಣಿಯಲ್ಲಿ ನದಿ ದಾಟಿಸಿ ತರುವುದರಲ್ಲೇ ಎರಡು ಸಂಜೆಗಳು ಹೋದವು. ಯಾರೊಬ್ಬರೂ ಕೊಲೆಯ ಮಾತೇ ಎತ್ತಲಿಲ್ಲ, ಅಷ್ಟು ಮುಳುಗಿಹೋಗಿದ್ದರು.

ಕ್ಯಾಪ್ಟನ್ನನಿಗೆ ಏನಾಗಬೇಕೆಂಬುದಕ್ಕೆ ಇತಿಹಾಸದಲ್ಲೇ ಹಲವು ಮಾದರಿಗಳಿವೆ. ಲಾಠಿಗೆ ಹೆಸರಾಗಿದ್ದ ಪೊಲೀಸ್ ಅಧಿಕಾರಿ ಅಲೆಕ್ಸಾಂಡರ್ ವಿಲಿಯಮ್ಸ್, ತನ್ನ ಸಿರಿಯ ಮೂಲ ಕೇಳಿದಾಗ ಜಪಾನಿನಲ್ಲಿ ನಿವೇಶನಗಳ ವ್ಯಾಪಾರ ಮಾಡಿದ್ದೆ ಎಂದು ಉತ್ತರಿಸಿ, 1895ರಲ್ಲಿ ಪಿಂಚಣಿ ಪಡೆದು ಮನೆಗೆ ಹೋದ. ಬರ್ನ್ಸ್ ಕೂಡ ಅದೇ ವರ್ಷ ಹೊರನಡೆದ. ಇನ್ನೊಬ್ಬ ಕ್ಯಾಪ್ಟನ್ ಹಣ್ಣಿನ ವ್ಯಾಪಾರಿಯಿಂದ ಪೀಚ್ ಹಣ್ಣಿನ ಬುಟ್ಟಿಗಳನ್ನು ಪಡೆದದ್ದಕ್ಕಾಗಿ ನ್ಯಾಯಾಲಯದ ಮೆಟ್ಟಿಲೇರಬೇಕಾಯಿತು. ಆಟಗಾರರು ಇದನ್ನು ನಂಬಲಾರರು, ಆದರೂ ಹೇಳಿ. ಎಲ್ಲಕ್ಕಿಂತ ನನಗೆ ಕುತೂಹಲ ಹುಟ್ಟಿಸಿದವನು ಮ್ಯಾಕ್ಸ್ ಶ್ಮಿಟ್‌ಬರ್ಗರ್. 1894ರ ಡಿಸೆಂಬರಿನಲ್ಲಿ ತನ್ನ ವಸೂಲಿಯನ್ನೂ ಮೇಲಿನವರ ಪಾಲನ್ನೂ ಒಂದೊಂದಾಗಿ ಬಿಚ್ಚಿಟ್ಟ ಈ ಕ್ಯಾಪ್ಟನ್ ಕೆಲಸದಲ್ಲೇ ಉಳಿದ, ಮುಂದೆ ಮುಖ್ಯ ಇನ್ಸ್‌ಪೆಕ್ಟರ್ ಹುದ್ದೆಗೂ ಏರಿದ. ನಿಮ್ಮ ಕ್ಯಾಪ್ಟನ್ ಕೊನೆಗೆ ಆಟಗಾರರ ಬಳಿಗೇ ಬಂದು, ಮೇಲಿನವರ ಹೆಸರು ಹೇಳುತ್ತೇನೆ, ನನ್ನನ್ನು ಉಳಿಸಿ ಎಂದು ಕೇಳಿದರೆ ಏನು ಮಾಡುತ್ತಾರೆಂಬುದನ್ನು ಅವರಿಗೇ ಬಿಡಿ. ನಮ್ಮಲ್ಲಿ ಆ ಸಂಜೆ ಪಾತ್ರಗಳು ಎರಡು ಪಂಗಡವಾದವು, ವರದಿಗಾರ ಒಪ್ಪಲೇ ಇಲ್ಲ.

ಕಥೆಯನ್ನು ಇನ್ನೂ ಬೆಳೆಸುವ ಮನಸ್ಸಿದ್ದರೆ 1895ರ ನಂತರಕ್ಕೂ ಹೋಗಿ. ಥಿಯೊಡೋರ್ ರೂಸ್‌ವೆಲ್ಟ್ ಪೊಲೀಸ್ ಮಂಡಳಿಯ ಅಧ್ಯಕ್ಷನಾಗಿ ರೀಸ್ ಅವರನ್ನು ಕರೆದುಕೊಂಡು ನಡುರಾತ್ರಿ ಗಸ್ತು ತಿರುಗಿದ, ಭಾನುವಾರ ಹೆಂಡದಂಗಡಿಗಳನ್ನು ನಿಜವಾಗಿಯೂ ಮುಚ್ಚಿಸಿದ. 1896ರ ರೇನ್ಸ್ ಕಾನೂನು, ಹತ್ತು ಕೋಣೆಗಳಿರುವ ಹೋಟೆಲಿನಲ್ಲಿ ಊಟದ ಜೊತೆಗೆ ಭಾನುವಾರವೂ ಮದ್ಯ ಕೊಡಬಹುದೆಂದಿತು. ಹೆಂಡದಂಗಡಿಗಳವರು ಹತ್ತು ಸಣ್ಣ ಕೋಣೆಗಳನ್ನು ಕಟ್ಟಿಸಿ ಹೋಟೆಲ್ ಎಂಬ ಫಲಕ ಹಾಕಿದರು, ಕೋಣೆಗಳನ್ನು ವೇಶ್ಯಾವೃತ್ತಿಗೆ ಬಾಡಿಗೆಗೆ ಕೊಟ್ಟರು. ದರ್ಜಿಯ ವಠಾರದ ಮೂಲೆಯ ಅಂಗಡಿಗೂ ಅಂಥ ಫಲಕ ಬಂದಿದೆ ಎಂದುಕೊಳ್ಳಿ; ಎರಡನೆಯ ಕಥೆಯ ಮೊದಲ ಶವವನ್ನು ಅದರ ಏಳನೆಯ ಕೋಣೆಯಲ್ಲಿ ಇಡಬಹುದು.